ಅಗ್ನಿದಗ್ಧಚಿಕಿತ್ಸೆ: ಒಂದು ಪಾಠವಿಚಾರ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾದಂದಿನಿಂದ ಅದರ ಹಿತಾಹಿತಾಧ್ಯಾಯವು ವಿದ್ವಾಂಸರಿಗೆ ಸುಪರಿಚಿತ. ನೃಪತುಂಗನ ಸಭೆಯಲ್ಲಿ ಮಾಂಸೌಷಧವನ್ನು ಖಂಡಿಸಿದ ವಾದವದು. ಆದರೆ ವಾದದಲ್ಲಿ ಗೆಲ್ಲುವುದು ಬೇರೆ, ರೋಗಿಯ ಎದುರಿನಲ್ಲಿ ವ್ರತವನ್ನು ಉಳಿಸಿಕೊಳ್ಳುವುದು ಬೇರೆ. ಇದಕ್ಕೆ ಸುಟ್ಟಗಾಯದ ಪ್ರಕರಣವೇ ಒರೆಗಲ್ಲು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಸಮ್ಯಗ್ದಗ್ಧಕ್ಕೆ ತುಗಾಕ್ಷೀರಿ, ಪ್ಲಕ್ಷ, ಚಂದನ, ಕಾವಿಮಣ್ಣು, ಅಮೃತಬಳ್ಳಿಗಳನ್ನು ತುಪ್ಪದೊಡನೆ ಲೇಪಿಸಬೇಕೆಂದು ಹೇಳಿ, ಅರೆದ ಮಾಂಸದ ಲೇಪವನ್ನೂ ವಿಧಿಸುತ್ತದೆ. ಜೈನವೈದ್ಯನು ಈ ಎರಡನೆಯದನ್ನು ಬಿಟ್ಟರೂ ಚಿಕಿತ್ಸೆಗೆ ಕೊರತೆಯಿಲ್ಲ. ಮೊದಲನೆಯ ಲೇಪವಿದ್ದೇ ಇದೆ.

ತೊಡಕಿರುವುದು ಗಾಯ ಮಾಯಿಸುವ ಘೃತದಲ್ಲಿ. ಯಷ್ಟಿಮಧು, ಲೋಧ್ರ, ಸರ್ಜರಸ, ಮಂಜಿಷ್ಠ, ಚಂದನ, ಮೂರ್ವಗಳೊಡನೆ ಅದಕ್ಕೆ ಜೇನುಮೇಣವೂ ಸೇರುತ್ತದೆ. ತುಪ್ಪವು ಗಟ್ಟಿಯಾಗಿ ಗಾಯದ ಮೇಲೆ ನಿಲ್ಲುವುದು ಮೇಣದಿಂದಲೇ. ಮಧುತ್ಯಾಗವು ಆಹಾರಕ್ಕೆ ಮಾತ್ರ ಸಂಬಂಧಿಸಿದುದು, ಲೇಪಕ್ಕೆ ದೋಷವಿಲ್ಲ ಎನ್ನಬಹುದೆ? ತಾನಾಗಿ ಸೋರಿದ ಜೇನಿನಲ್ಲಿಯೂ ಹಿಂಸೆಯನ್ನು ಕಂಡ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ಓದಿದವರಿಗೆ ಈ ಸಮಾಧಾನ ಸಾಲದು. ಮೇಣವೂ ಬರುವುದು ಅದೇ ಜೇನುಹುಟ್ಟಿನಿಂದಲ್ಲವೆ?

ಆದುದರಿಂದ ಭಂಡಾರಗಳ ವೈದ್ಯದ ಓಲೆಗರಿಗಳಲ್ಲಿ ಈ ಘೃತಯೋಗವು ಮೇಣವಿಲ್ಲದೆ ದೊರೆತರೆ, ಸಂಪಾದಕರು ಅದನ್ನು ಗ್ರಂಥಪಾತವೆಂದು ತಿಳಿದು ಸುಶ್ರುತನಿಂದ ತುಂಬಿಸಲು ಆತುರಪಡಬಾರದು. ಲಿಪಿಕಾರನ ಪ್ರಮಾದವೆಂದು ತೋರುವುದು ವೈದ್ಯನ ವ್ರತವೇ ಆಗಿರಬಹುದು. ತುಂಬಿಸಿದೆವಾದರೆ ಆ ವೈದ್ಯನ ಏಕೈಕ ಸಾಕ್ಷ್ಯವನ್ನು ನಾವೇ ಅಳಿಸಿದಂತೆ. ಮೇಣವು ಉಳಿದುಬಂದ ಪ್ರತಿಯೂ ಅಷ್ಟೇ ಮುಖ್ಯ. ಅದನ್ನು ತಿದ್ದಿ ಶುದ್ಧಗೊಳಿಸುವ ಹಕ್ಕು ನಮಗಿಲ್ಲ.

ಇನ್ನೊಂದು ಮಾತು. ಚರ್ಮದ ಬಣ್ಣ ಮಾತ್ರ ಕೆಟ್ಟ ಪ್ಲುಷ್ಟಕ್ಕೆ ಸುಶ್ರುತನು ಶಾಖವನ್ನು ವಿಧಿಸುತ್ತಾನೆ. ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುತ್ತದೆಂಬುದು ಅವನ ಕಾರಣ. ಇಂದಿನ ವೈದ್ಯವು ಇದಕ್ಕೆ ತೀರ ವಿರುದ್ಧ: ಸುಟ್ಟ ಕೂಡಲೆ ಸುಮಾರು 20 ನಿಮಿಷ ಹರಿಯುವ ತಂಪು ನೀರನ್ನು ಬಿಡಬೇಕು, ಆಗ ತುಪ್ಪವನ್ನಾಗಲಿ ಲೇಪವನ್ನಾಗಲಿ ಹಚ್ಚಲಾಗದು. (ನೀರು ಸೋಸಿದ್ದಾದರೆ ಶ್ರಾವಕರಿಗೆ ಅಡ್ಡಿಯೇನು?) ಮೂಲಪಾಠವನ್ನು ಇದ್ದಂತೆಯೇ ಮುದ್ರಿಸೋಣ; ಆದರೆ ವೈದ್ಯಗ್ರಂಥವನ್ನು ಮನೆಮದ್ದಿಗೆಂದು ತೆರೆಯುವವರು ಇಂದಿಗೂ ಇದ್ದಾರೆ. ಅವರಿಗಾಗಿ ಆ ಪುಟದ ಅಡಿಯಲ್ಲಿಯೇ ಈ ಟಿಪ್ಪಣಿ ಇರಬೇಕು, ಗ್ರಂಥಾಂತ್ಯದ ಅನುಬಂಧದಲ್ಲಿ ಅಲ್ಲ.