ಎಂಜಿನ್ ಎಣ್ಣೆಯ ಪ್ರಯೋಗಾಲಯ ವಿಶ್ಲೇಷಣೆ

ಕಾರಿನ ಎಂಜಿನ್ನಿನಲ್ಲಿ ಓಡಿದ ಎಣ್ಣೆಯಿಂದ ಸ್ವಲ್ಪ ತೆಗೆದು, ಅದರಲ್ಲಿ ಸೇರಿಕೊಂಡಿರುವ ಲೋಹದ ಕಣ, ಧೂಳು, ಇಂಧನ, ನೀರು, ಮಸಿ ಇವುಗಳ ಪ್ರಮಾಣವನ್ನೂ ಎಣ್ಣೆಯಲ್ಲಿ ಇನ್ನೂ ಉಳಿದಿರುವ ಕಸುವನ್ನೂ ಅಳೆದು, ಎಂಜಿನ್ ಬಿಚ್ಚದೆಯೇ ಅದರ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನ. ಇದನ್ನು ರಕ್ತಪರೀಕ್ಷೆಗೆ ಹೋಲಿಸುವುದು ರೂಢಿ. ಹೋಲಿಕೆ ಒಂದು ಮಟ್ಟಿಗೆ ಸರಿ. ಆದರೆ ರಕ್ತ ದೇಹದಲ್ಲೇ ಹುಟ್ಟುತ್ತದೆ, ಎಣ್ಣೆಯನ್ನು ಹೊರಗಿನಿಂದ ಸುರಿಯುತ್ತಾರೆ. ವರದಿಯಲ್ಲಿ ಕಾಣುವ ಧಾತುಗಳಲ್ಲಿ ಕೆಲವು ಎಂಜಿನ್ನಿನಿಂದ ಸವೆದು ಬಂದವು, ಕೆಲವು ಹೊರಗಿನಿಂದ ನುಸುಳಿದವು, ಇನ್ನು ಕೆಲವು ಹೊಸ ಎಣ್ಣೆಯ ಡಬ್ಬಿಯಲ್ಲೇ ಇದ್ದವು. ಯಾವುದು ಎಲ್ಲಿಂದ ಬಂತು ಎಂದು ಬಿಡಿಸುವುದೇ ಈ ವಿದ್ಯೆಯ ಮುಖ್ಯ ಕೆಲಸ.

ಇದರ ಬೇರು ರೋಹಿತಶಾಸ್ತ್ರದಲ್ಲಿದೆ. ಕಾಯಿಸಿದ ಪ್ರತಿಯೊಂದು ಧಾತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಸೂಸುತ್ತದೆ ಎಂಬುದನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ 1859-60ರ ಸುಮಾರಿಗೆ ತೋರಿಸಿಕೊಟ್ಟರು. ಅದನ್ನು ಎಂಜಿನ್ ಎಣ್ಣೆಗೆ ಹಚ್ಚಿದವರು ರೈಲಿನವರು. ಅಮೆರಿಕದಲ್ಲಿ ಉಗಿಬಂಡಿ ಹೋಗಿ ಡೀಸೆಲ್ ಲೋಕೊಮೋಟಿವ್ ಬರುತ್ತಿದ್ದ ಕಾಲದಲ್ಲಿ, 1946ರಲ್ಲಿ, ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲ್ವೆಯ ಪ್ರಯೋಗಾಲಯ ಬಳಸಿದ ಎಣ್ಣೆಯಲ್ಲಿನ ಲೋಹವನ್ನು ಅಳೆದು ಎಂಜಿನ್ನಿನ ದೋಷವನ್ನು ಮುಂಚಿತವಾಗಿ ಹಿಡಿಯಲು ಶುರುಮಾಡಿತು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇದನ್ನು ವಿಮಾನಗಳಿಗೆ ಅಳವಡಿಸಿಕೊಂಡಿತು. ಆ ಮೇಲೆ ಅಲ್ಲಿನ ಮೂರೂ ಸೇನೆಗಳು ಸೇರಿ ಒಂದು ಜಂಟಿ ಕಾರ್ಯಕ್ರಮವನ್ನೇ ಮಾಡಿಕೊಂಡವು. ಭಾರತದಲ್ಲೂ ಮೊದಲು ನೆಲೆಯೂರಿದ್ದು ಇಂಥ ಕಡೆಗಳಲ್ಲೇ: ವಾಯುಪಡೆಯ ವಿಮಾನ ಎಂಜಿನ್‌ಗಳಿಗೆ, ಮತ್ತು ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿ. ಕರ್ನಾಟಕದ ಹುಬ್ಬಳ್ಳಿ ಮತ್ತು ಕೃಷ್ಣರಾಜಪುರದಲ್ಲಿ ಅಂಥ ಶೆಡ್‌ಗಳಿವೆ. ಲೋಕೊಮೋಟಿವ್ ಎಂಜಿನ್ನಿನ ಬೆಲೆಯ ಮುಂದೆ ಒಂದು ಪರೀಕ್ಷೆಯ ಖರ್ಚು ಲೆಕ್ಕಕ್ಕಿಲ್ಲ. ಕಾರಿನ ವಿಷಯ ಹಾಗಲ್ಲ, ಆದ್ದರಿಂದಲೇ ಕಾರಿಗೆ ಇದು ತಡವಾಗಿ ಬಂತು. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ 1985ರಲ್ಲಿ ಆರಂಭವಾದ ಬ್ಲ್ಯಾಕ್‌ಸ್ಟೋನ್ ಪ್ರಯೋಗಾಲಯ ಸಾಮಾನ್ಯ ಕಾರು ಮಾಲೀಕರಿಗೂ ಅಂಚೆಯ ಮೂಲಕ ಪರೀಕ್ಷೆ ಮಾಡಿಕೊಟ್ಟು ಹೆಸರಾಯಿತು.

ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ "ಆಯಿಲ್ ಹೋಗಿದೆ ಸಾರ್" ಎನ್ನುವ ಮೆಕ್ಯಾನಿಕ್ ಕೂಡ ಒಂದು ಬಗೆಯ ವಿಶ್ಲೇಷಣೆಯನ್ನೇ ಮಾಡುತ್ತಿರುತ್ತಾನೆ. ಆದರೆ ಬಣ್ಣ ಮೋಸಗಾರ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ನೂರು ಕಿಲೋಮೀಟರಿನಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದು ತೇಲಿಸಿಡುವುದು ಎಣ್ಣೆಯ ಕೆಲಸವಾದ್ದರಿಂದ ಕಪ್ಪಾಗಿರುವುದು ಅದು ಕೆಲಸ ಮಾಡುತ್ತಿರುವ ಗುರುತೇ ಹೊರತು ಕೆಟ್ಟಿರುವ ಗುರುತಲ್ಲ. ಇನ್ನೊಂದು ಕಡೆ, ಹೆಡ್ ಗ್ಯಾಸ್ಕೆಟ್ ಆಗಷ್ಟೇ ಸೋರಲು ಶುರುವಾದ ಎಂಜಿನ್ನಿನ ಎಣ್ಣೆ ನೋಡಲು ಚೊಕ್ಕವಾಗಿಯೇ ಇರಬಹುದು.

ಲೋಹಗಳನ್ನು ಅಳೆಯಲು ಎರಡು ಬಗೆಯ ರೋಹಿತಮಾಪಕಗಳು ಬಳಕೆಯಲ್ಲಿವೆ. ಒಂದರಲ್ಲಿ ಸಣ್ಣ ಇಂಗಾಲದ ಬಿಲ್ಲೆ ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತ ಎಣ್ಣೆಯನ್ನು ವಿದ್ಯುತ್ ಕಿಡಿಗೆ ಒಡ್ಡುತ್ತದೆ. ಇನ್ನೊಂದರಲ್ಲಿ ತೆಳುಮಾಡಿದ ಎಣ್ಣೆಯನ್ನು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಸಿಂಪಡಿಸುತ್ತಾರೆ. ಎರಡರಲ್ಲೂ ಹೊಮ್ಮುವ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ, ಯಾವ ಗೆರೆ ಎಷ್ಟು ಪ್ರಖರವಾಗಿದೆ ಎಂದು ನೋಡಿ, ಇಪ್ಪತ್ತಕ್ಕೂ ಹೆಚ್ಚು ಧಾತುಗಳ ಪ್ರಮಾಣವನ್ನು ಒಟ್ಟಿಗೇ ಹೇಳಬಹುದು. ಅಂಕಿಗಳು ಇರುವುದು ಪಿಪಿಎಂನಲ್ಲಿ, ಅಂದರೆ ಒಂದು ಕಿಲೋ ಎಣ್ಣೆಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ. ನಾಲ್ಕು ಲೀಟರ್ ಎಣ್ಣೆ ಹಿಡಿಯುವ ಎಂಜಿನ್ನಿನಲ್ಲಿ ಕಬ್ಬಿಣ 20 ಪಿಪಿಎಂ ಎಂದು ಬಂದರೆ ಒಟ್ಟು ಎಣ್ಣೆಯಲ್ಲಿ ಇರುವ ಕಬ್ಬಿಣ ಸುಮಾರು 70 ಮಿಲಿಗ್ರಾಂ, ಹೆಚ್ಚೆಂದರೆ ಮೂರು ನಾಲ್ಕು ಅಕ್ಕಿಕಾಳಿನ ತೂಕ. ಸಾವಿರಾರು ಕಿಲೋಮೀಟರ್ ಓಡಿದ್ದಕ್ಕೆ ಇದು ಅತಿ ಸಣ್ಣ ಸವೆತ. ಅಷ್ಟನ್ನೂ ಹಿಡಿಯಬಲ್ಲದ್ದೇ ಈ ಪರೀಕ್ಷೆಯ ಹೆಚ್ಚುಗಾರಿಕೆ.

ಕಬ್ಬಿಣ ಸಿಲಿಂಡರ್ ಗೋಡೆ, ಕ್ಯಾಮ್‌ಶಾಫ್ಟ್, ಕ್ರ್ಯಾಂಕ್‌ಶಾಫ್ಟ್, ಟೈಮಿಂಗ್ ಚೈನ್ ಮುಂತಾದ ಹಲವು ಕಡೆಗಳಿಂದ ಬರುತ್ತದೆ. ಅಲ್ಯೂಮಿನಿಯಂ ಬಹುಮಟ್ಟಿಗೆ ಪಿಸ್ಟನ್‌ನಿಂದ, ಕ್ರೋಮಿಯಂ ಪಿಸ್ಟನ್ ರಿಂಗ್‌ನಿಂದ. ತಾಮ್ರ, ಸೀಸ, ತವರ ಮೂರೂ ಬೇರಿಂಗ್‌ನ ಲೋಹಗಳು ಎಂಬುದು ಹಳೆಯ ಪಾಠ. ಈಗ ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಯೂರೋಪಿನ ನಿಯಮಗಳಿಂದಾಗಿ ಕಾರಿನ ಬೇರಿಂಗ್‌ಗಳಲ್ಲಿ ಸೀಸದ ಬಳಕೆ ಕಡಿಮೆಯಾಗಿದೆ, ಅನೇಕ ಹೊಸ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ-ತವರದ ಬೇರಿಂಗ್‌ಗಳಿವೆ. ಆದ್ದರಿಂದ ಸೀಸ ಕಾಣಲಿಲ್ಲವೆಂದು ಬೇರಿಂಗ್ ಸರಿಯಿದೆ ಎನ್ನಲಾಗದು, ಅಲ್ಯೂಮಿನಿಯಂ ಏರಿತೆಂದು ಪಿಸ್ಟನ್ ಒಂದನ್ನೇ ದೂರಲೂ ಆಗದು. ತಾಮ್ರವೂ ಹಾಗೆಯೇ: ಹೊಸ ಎಂಜಿನ್ನಿನ ಆಯಿಲ್ ಕೂಲರ್‌ನಿಂದ ರಾಸಾಯನಿಕ ಕ್ರಿಯೆಯಿಂದ ತಾಮ್ರ ಕರಗಿ ಬಂದು, ಸವೆತವೇ ಇಲ್ಲದೆ ಅಂಕಿಯನ್ನು ಏರಿಸುವುದುಂಟು.

ಹೊಸ ಎಣ್ಣೆಯ ಡಬ್ಬಿಯಲ್ಲೇ ಇರುವ ಧಾತುಗಳನ್ನು ಕಂಡು ಗಾಬರಿಯಾಗುವವರು ಬಹಳ. ಸತು ಮತ್ತು ರಂಜಕ ಸವೆತ ತಡೆಯುವ ಸಂಯುಕ್ತದಿಂದ ಬಂದವು. ಇವು ನೂರಾರು ಪಿಪಿಎಂ ಇರುವುದು ಸಹಜ. ಪೆಟ್ರೋಲ್ ಕಾರಿನ ತೆಳು ಎಣ್ಣೆಗಳಲ್ಲಿ ರಂಜಕವನ್ನು 600ರಿಂದ 800 ಪಿಪಿಎಂ ಒಳಗೆ ಇಡಬೇಕೆಂಬ ನಿಯಮವೇ ಇದೆ, ಹೆಚ್ಚಾದರೆ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಒಳಭಾಗವನ್ನು ತೊಳೆಯುವ ಡಿಟರ್ಜೆಂಟುಗಳಿಂದ ಬಂದವು. ಮಾಲಿಬ್ಡಿನಂ ಘರ್ಷಣೆ ತಗ್ಗಿಸಲು ಹಾಕಿದ್ದು. ಹಾಗಾಗಿ ಅದೇ ಎಣ್ಣೆಯ ಹೊಸ ಡಬ್ಬಿಯದೊಂದು ಮಾದರಿಯನ್ನೂ ಒಮ್ಮೆ ಪರೀಕ್ಷಿಸಿಟ್ಟುಕೊಳ್ಳುವುದು ಜಾಣತನ.

ಹೊರಗಿನಿಂದ ನುಸುಳುವವುಗಳಲ್ಲಿ ಧೂಳು ದೊಡ್ಡದು. ಮಣ್ಣಿನ ಧೂಳೆಂದರೆ ಬಹುಪಾಲು ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳು. ಸಿಲಿಕಾನ್ ಏರಿ, ಜೊತೆಗೆ ಅಲ್ಯೂಮಿನಿಯಂ, ಕಬ್ಬಿಣ, ಕ್ರೋಮಿಯಂ ಮೂರೂ ಏರಿದ್ದರೆ ಏರ್ ಫಿಲ್ಟರ್ ಕಡೆ ನೋಡಬೇಕು: ಫಿಲ್ಟರ್ ಸರಿಯಾಗಿ ಕೂತಿಲ್ಲ, ಕೊಳವೆಯ ಕ್ಲ್ಯಾಂಪ್ ಸಡಿಲ, ಅಥವಾ ಕಂಪ್ರೆಸರ್ ಗಾಳಿಯಲ್ಲಿ ಊದಿ ಊದಿ ಕಾಗದ ಹರಿದಿದೆ. ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿರುವ ಈ ಊದುವ ಅಭ್ಯಾಸದ ಬಗ್ಗೆ ಇಷ್ಟು ಹೇಳಿದರೆ ಸಾಕು: ಹೊಸ ಫಿಲ್ಟರ್‌ನ ಬೆಲೆ ಪಿಸ್ಟನ್ ರಿಂಗ್‌ಗಿಂತ ಬಹಳ ಕಡಿಮೆ. ಸಿಲಿಕಾನ್ ಮಾತ್ರ ಏರಿ ಉಳಿದವು ತೆಪ್ಪಗಿದ್ದರೆ ಮಾತು ಬೇರೆ. ಎಂಜಿನ್ ಜೋಡಿಸುವಾಗ ಹಚ್ಚಿದ ಸಿಲಿಕೋನ್ ಅಂಟಿನಿಂದ ಅದು ಬಿಡುಗಡೆಯಾಗಿರಬಹುದು. ಹೊಸ ಕಾರಿನ ಮೊದಲ ವರದಿಯಲ್ಲಿ ಇದು ಸಾಮಾನ್ಯ. ರನ್ನಿಂಗ್-ಇನ್ ಸಮಯದ ಕಬ್ಬಿಣ, ತಾಮ್ರಗಳೂ ಆಗ ಹೆಚ್ಚಿರುತ್ತವೆ. ಸೋಡಿಯಂ, ಪೊಟ್ಯಾಸಿಯಂ ಕಾಣಿಸಿದರೆ ಕೂಲೆಂಟ್ ಸೇರಿದೆಯೇ ಎಂದು ನೋಡಬೇಕು. ಆದರೆ ಕೆಲವು ಎಣ್ಣೆಗಳಲ್ಲಿ ಸೋಡಿಯಂ ಡಬ್ಬಿಯಲ್ಲೇ ಇರುತ್ತದೆ.

ಸ್ನಿಗ್ಧತೆ, ಅಂದರೆ ಎಣ್ಣೆಯ ಮಂದತನ, ಎಲ್ಲಕ್ಕಿಂತ ಹಳೆಯ ಮತ್ತು ಇಂದಿಗೂ ಮುಖ್ಯವಾದ ಪರೀಕ್ಷೆ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎಸ್‌ಎಇ ವರ್ಗೀಕರಣದಂತೆ 20ರ ಎಣ್ಣೆ 6.9ರಿಂದ 9.3ರ ಒಳಗೆ, 30ರದು 9.3ರಿಂದ 12.5ರ ಒಳಗೆ, 40ರದು 12.5ರಿಂದ 16.3ರ ಒಳಗೆ ಇರಬೇಕು. 5ಡಬ್ಲ್ಯೂ-30 ಎಂದು ಹಾಕಿದ್ದು ಪರೀಕ್ಷೆಯಲ್ಲಿ 8.5 ಎಂದು ಬಂದರೆ ಅದು 20ರ ಎಣ್ಣೆಯಾಗಿಬಿಟ್ಟಿದೆ ಎಂದರ್ಥ. ಕಾರಣ ಎರಡರಲ್ಲೊಂದು: ಎಣ್ಣೆಯಲ್ಲಿನ ಪಾಲಿಮರ್ ಸರಪಳಿಗಳು ತುಂಡಾಗಿವೆ, ಇಲ್ಲವೇ ಇಂಧನ ಬೆರೆತಿದೆ. ಎರಡನ್ನೂ ಬೇರ್ಪಡಿಸಲು ಫ್ಲಾಶ್ ಪಾಯಿಂಟ್ ನೋಡುತ್ತಾರೆ. ಸಾಮಾನ್ಯ ಎಂಜಿನ್ ಎಣ್ಣೆಯ ಆವಿ ಹೊತ್ತಿಕೊಳ್ಳಲು 200 ಡಿಗ್ರಿಗೂ ಮೇಲಿನ ಬಿಸಿ ಬೇಕು. ಸ್ವಲ್ಪ ಪೆಟ್ರೋಲ್ ಬೆರೆತರೂ ಅದು ಥಟ್ಟನೆ ಕೆಳಗಿಳಿಯುತ್ತದೆ.

ಇಂಧನ ಬೆರಕೆ ಈಗಿನ ಕಾರುಗಳ ವಿಶೇಷ ಕಾಯಿಲೆ. ಸಿಲಿಂಡರ್ ಒಳಕ್ಕೇ ಪೆಟ್ರೋಲ್ ಚಿಮ್ಮುವ ಟರ್ಬೊ ಎಂಜಿನ್‌ಗಳಲ್ಲಿ ಅದರ ಸ್ವಲ್ಪ ಭಾಗ ಗೋಡೆಗೆ ಬಡಿದು ಎಣ್ಣೆಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೋಗಿಬಿಡುತ್ತದೆ. ಮನೆಯಿಂದ ಮಕ್ಕಳ ಶಾಲೆ, ಅಲ್ಲಿಂದ ತರಕಾರಿ ಅಂಗಡಿ, ಮತ್ತೆ ಮನೆ ಎಂಬ ಓಡಾಟದಲ್ಲಿ ಬಿಸಿಯಾಗಲು ಪುರಸೊತ್ತೇ ಇಲ್ಲ. ಡೀಸೆಲ್ ಕಾರುಗಳಲ್ಲಿ ಸಮಸ್ಯೆಯ ದಾರಿ ಬೇರೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದಿಂದಾಗಿ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಬಂತು. ಅದು ತುಂಬಿದಾಗ ಒಳಗಿನ ಮಸಿಯನ್ನು ಸುಡಬೇಕು. ಇದಕ್ಕಾಗಿ ಅನೇಕ ಎಂಜಿನ್‌ಗಳು ದಹನದ ಕೊನೆಯಲ್ಲಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮುತ್ತವೆ, ಅದರಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಯ ಗುಂಟ ಎಣ್ಣೆಗೆ ಸೇರುತ್ತದೆ. ಹೆದ್ದಾರಿಯಲ್ಲಿ ಈ ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಅದು ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಲ್ಲುತ್ತದೆ. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇಳಿಯುವ ಬದಲು ಏರುತ್ತಿದ್ದರೆ, ಪ್ರಯೋಗಾಲಯಕ್ಕೆ ಕಳಿಸುವ ಮೊದಲೇ ಅರ್ಧ ಉತ್ತರ ಸಿಕ್ಕಂತೆ.

ನೀರನ್ನು ಸ್ಥೂಲವಾಗಿ ಪತ್ತೆಹಚ್ಚಲು ಬಿಸಿ ತಗಡಿನ ಮೇಲೆ ಒಂದು ಹನಿ ಬಿಟ್ಟು ಒಗ್ಗರಣೆಯಂತೆ ಚಟಪಟ ಎನ್ನುತ್ತದೆಯೇ ಎಂದು ನೋಡುತ್ತಾರೆ. ನಿಖರ ಅಂಕಿಗೆ 1935ರಲ್ಲಿ ಕಾರ್ಲ್ ಫಿಷರ್ ರೂಪಿಸಿದ ರಾಸಾಯನಿಕ ವಿಧಾನವಿದೆ. ಮಸಿ, ಆಕ್ಸಿಡೀಕರಣ, ಕೂಲೆಂಟ್‌ನ ಗ್ಲೈಕಾಲ್‌ಗಳನ್ನು ಅತಿಗೆಂಪು ರೋಹಿತದಿಂದ ನೋಡುತ್ತಾರೆ. ದಹನದಿಂದ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಎಣ್ಣೆಯಲ್ಲಿ ಎಷ್ಟು ಕ್ಷಾರ ಉಳಿದಿದೆ ಎಂಬುದನ್ನು ಟಿಬಿಎನ್ ಎಂಬ ಅಂಕಿ ಹೇಳುತ್ತದೆ. ಎಣ್ಣೆಯನ್ನು ಇನ್ನಷ್ಟು ದೂರ ಓಡಿಸಬಹುದೇ ಎಂದು ಕೇಳುವವರಿಗೆ ಇದೇ ಮುಖ್ಯ. ಇದು ಹೊಸ ಎಣ್ಣೆಯ ಅರ್ಧಕ್ಕಿಂತ ಕೆಳಗಿಳಿದರೆ ಬದಲಿಸಬೇಕೆಂಬುದು ಸ್ಥೂಲ ಲೆಕ್ಕ.

ಈ ಪರೀಕ್ಷೆಗೆ ಒಂದು ದೊಡ್ಡ ಕುರುಡಿದೆ. ರೋಹಿತಮಾಪಕಗಳಿಗೆ ಸುಮಾರು 5ರಿಂದ 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಸರಿಯಾಗಿ ಕಾಣುವುದಿಲ್ಲ, ಅವು ಪೂರ್ತಿ ಆವಿಯಾಗುವುದಿಲ್ಲ. ನಿಧಾನದ ಸವೆತ ಸಣ್ಣ ಕಣಗಳನ್ನು ಹುಟ್ಟಿಸುತ್ತದೆ, ಅದು ಸಿಕ್ಕುತ್ತದೆ. ಬೇರಿಂಗ್ ಚಕ್ಕೆಯೆದ್ದು ಒಡೆಯುವಾಗ ಉದುರುವ ಚೂರುಗಳು ದೊಡ್ಡವು, ಅವು ಫಿಲ್ಟರ್‌ನಲ್ಲೋ ಸಂಪ್‌ನ ತಳದಲ್ಲೋ ಕೂರುತ್ತವೆ. ಅದಕ್ಕೇ ಅನುಭವಸ್ಥರು ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿನಲ್ಲಿ ಹೊಳೆಯುವ ಚೂರುಗಳಿಗಾಗಿ ಹುಡುಕುತ್ತಾರೆ. 1970ರ ದಶಕದಲ್ಲಿ ಬೆಳೆದ ಫೆರೋಗ್ರಫಿಯಲ್ಲಿ ಕಬ್ಬಿಣದ ಕಣಗಳನ್ನು ಅಯಸ್ಕಾಂತದಿಂದ ಗಾಜಿನ ಪಟ್ಟಿಯ ಮೇಲೆ ಸೆಳೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಣದ ಆಕಾರದಿಂದ ಅದು ಉಜ್ಜಿ ಬಂದದ್ದೋ, ಕತ್ತರಿಸಿ ಬಂದದ್ದೋ, ದಣಿದು ಒಡೆದದ್ದೋ ಎಂದು ಹೇಳಬಹುದು. ಕಾರಿಗೆ ಇದನ್ನು ಮಾಡಿಸುವವರು ವಿರಳ.

ಮಾದರಿ ತೆಗೆಯುವುದರಲ್ಲೇ ಅನೇಕ ವರದಿಗಳು ಕೆಡುತ್ತವೆ. ಕಾರನ್ನು ಓಡಿಸಿ ಎಂಜಿನ್ ಬಿಸಿಯಿರುವಾಗಲೇ ತೆಗೆಯಬೇಕು, ಕಣಗಳು ಆಗ ತೇಲುತ್ತಿರುತ್ತವೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲು ಬೀಳುವ ಧಾರೆಯಲ್ಲಿ ತಳದ ಗಸಿಯಿರುತ್ತದೆ. ಅದನ್ನು ಹರಿಯಬಿಟ್ಟು ನಡುವಿನ ಧಾರೆಯಿಂದ ಒಣಗಿದ, ಚೊಕ್ಕವಾದ ಬಾಟಲಿಗೆ ಸುಮಾರು 100 ಮಿಲಿಲೀಟರ್ ಹಿಡಿಯಬೇಕು. ಡಿಪ್‌ಸ್ಟಿಕ್ ಕೊಳವೆಯಿಂದ ಕೈಪಂಪಿನಲ್ಲಿ ಎಳೆಯುವುದೂ ಉಂಟು. ಬಾಟಲಿಯ ಚೀಟಿಯಲ್ಲಿ ಎಂಜಿನ್, ಎಣ್ಣೆಯ ಹೆಸರು, ಕಾರು ಒಟ್ಟು ಓಡಿದ ದೂರ, ಈ ಎಣ್ಣೆ ಓಡಿದ ದೂರ, ನಡುವೆ ಸುರಿದ ಟಾಪ್-ಅಪ್ ಎಷ್ಟು ಎಂಬುದನ್ನು ಬರೆಯಬೇಕು. ಕೊನೆಯ ಎರಡನ್ನು ಬಿಟ್ಟರೆ ಅಂಕಿಗಳಿಗೆ ಅರ್ಥವಿಲ್ಲ.

ಏಕೆಂದು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಕಾರಿನ ಎಣ್ಣೆ ಮೊದಲ ಸಲ 8000 ಕಿಲೋಮೀಟರ್ ಓಡಿ ಕಬ್ಬಿಣ 12 ಪಿಪಿಎಂ ತೋರಿಸಿತು. ಎರಡನೆಯ ಸಲ 10,000 ಓಡಿ 15. ಮೂರನೆಯ ಸಲ 4000ಕ್ಕೇ ಬದಲಿಸಿದಾಗ ಮತ್ತೆ 12. ಮೊದಲ ಮತ್ತು ಮೂರನೆಯ ವರದಿಯ ಅಂಕಿ ಒಂದೇ, ಆದರೆ ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಸವೆತ 1.5ರಿಂದ 3ಕ್ಕೆ ಏರಿದೆ. ವರದಿಯ ಹಸಿರು, ಹಳದಿ, ಕೆಂಪು ಬಣ್ಣಗಳು ಈ ಏರಿಕೆಯನ್ನು ಹೇಳದೆಯೇ ಇರಬಹುದು. ಎಂಜಿನ್ನನ್ನು ಅದರ ಹಿಂದಿನ ದಿನಗಳೊಡನೆ ಹೋಲಿಸಬೇಕೇ ಹೊರತು ಪಕ್ಕದ ಮನೆಯವರ ಕಾರಿನೊಡನೆ ಅಲ್ಲ. ಮೂರು ವರದಿಗಳಾದರೂ ಕೂಡಿಬರುವ ತನಕ ತೀರ್ಪು ಕೊಡುವುದು ಅವಸರವಾಗುತ್ತದೆ. ಕೂಲೆಂಟ್ ಬೆರಕೆ ಮಾತ್ರ ಇದಕ್ಕೆ ಹೊರತು: ಅದು ಖಚಿತವಾದರೆ ಒಂದೇ ವರದಿ ಸಾಕು, ಕಾರನ್ನು ಓಡಿಸದೆ ಗ್ಯಾರೇಜಿಗೆ ಸಾಗಿಸಬೇಕು.

ಕಂಪನಿ ಹೇಳಿದ ಅವಧಿಗೆ ತಪ್ಪದೆ ಎಣ್ಣೆ ಬದಲಿಸುವ ಸಾಮಾನ್ಯ ಮಾಲೀಕನಿಗೆ ಈ ಪರೀಕ್ಷೆ ಅಗತ್ಯವೇನಲ್ಲ. ಟ್ಯಾಕ್ಸಿ, ಟ್ರಾವೆಲ್ಸ್‌ನವರಂತೆ ಹಲವು ವಾಹನಗಳನ್ನು ಓಡಿಸುವವರಿಗೆ, ಎಣ್ಣೆ ಕುಡಿಯಲು ಶುರುಮಾಡಿದ ಎಂಜಿನ್ನಿನ ಒಡೆಯರಿಗೆ, ಹಳೆಯ ಕಾರನ್ನು ಪ್ರೀತಿಯಿಂದ ಕಾಪಾಡುವವರಿಗೆ ಉಪಯುಕ್ತ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ಮಾಡಿಸುವವರೂ ಇದ್ದಾರೆ. ಆದರೆ ಮಾರುವಾತ ಹಿಂದಿನ ವಾರವಷ್ಟೇ ಎಣ್ಣೆ ಬದಲಿಸಿದ್ದರೆ ವರದಿಯಲ್ಲಿ ಕಾಣುವುದು ಹೊಸ ಎಣ್ಣೆಯ ಗುಣ ಮಾತ್ರ.