ಯಾವ ದಿನದ ಡಾಲ್ಫಿನ್?

ಬೆಂಗಳೂರಿನಲ್ಲಿ ತಯಾರಾದ ಕಾರೊಂದು ಪುಣೆಯ ಗ್ಯಾರೇಜಿನಲ್ಲಿ ನಿಂತಿದೆ. ಹೆಸರು ಸಿಪಾನಿ ಡಾಲ್ಫಿನ್. ಬಂಪರ್ ಇಲ್ಲ, ಹಿಂದಿನ ಸೀಟಿಲ್ಲ, ಪಕ್ಕದ ಕಿಟಕಿಗಳಲ್ಲಿ ಗಾಜಿನ ಬದಲು ಅಕ್ರಿಲಿಕ್ ಹಾಳೆ. ಒಳಗೆ, ಕಾರು ಉರುಳಿದರೆ ಓಡಿಸುವವರನ್ನು ಕಾಯಲು ಉಕ್ಕಿನ ಕೊಳವೆಗಳ ರೋಲ್ ಕೇಜ್. ಅಗಲದ ಟೈರು ಹಿಡಿಸಲೆಂದು ಹಿಂದಿನ ಚಕ್ರಗಳ ಮೇಲಿನ ಕಮಾನನ್ನು ಕೊಯ್ದಿದ್ದಾರೆ. ಮದ್ರಾಸ್ ಬಳಿಯ ಶೋಲಾವರಂನಲ್ಲಿ ಓಡಿದ ಡ್ರ್ಯಾಗ್ ರೇಸಿನ ಕಾರು ಇದು ಎಂಬ ಮಾತು ಒಬ್ಬ ಮಾಲೀಕರಿಂದ ಇನ್ನೊಬ್ಬರಿಗೆ ಕಾರಿನ ಜೊತೆಯಲ್ಲೇ ಬಂದಿದೆ. ಈಗಿನ ಮಾಲೀಕರು ಹುಬ್ಬಳ್ಳಿ ಕಡೆಯವರು, ನನ್ನ ಹಳೆಯ ಪರಿಚಯಸ್ಥರು. ‘ಸರ, ಇದು ಮೊದಲ ಹೆಂಗಿತ್ತೋ ಹಂಗ ಮಾಡಬೇಕ್ರಿ. ಹೆಂಗಿತ್ತು ಅನ್ನೋದನ್ನ ನೀವು ಹುಡುಕಿ ಕೊಡ್ರಿ’ ಎಂದರು.

ರೇಸಿಗೆ ಇಳಿದ ಕಾರಿಗೆ ಒಂದೇ ಒಂದು ‘ಮೊದಲು’ ಇರುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಅದು ಒಂದು ಬಗೆ, ರೇಸಿಗೆಂದು ಬಿಚ್ಚಿ ಕಟ್ಟಿದ ದಿನ ಇನ್ನೊಂದು ಬಗೆ, ಶೆಡ್ಡಿಗೆ ಸೇರಿದ ದಿನ ಮತ್ತೊಂದು ಬಗೆ. ಇದರಲ್ಲಿ ಯಾವ ದಿನಕ್ಕೆ ಮರಳಿಸಬೇಕೆಂದು ತೀರ್ಮಾನಿಸುವ ಮೊದಲು, ಆ ದಿನ ಕಾರು ಹೇಗಿತ್ತು ಎಂಬುದಕ್ಕೆ ಸಾಕ್ಷಿ ಸಿಗಬೇಕು. ಸಾಕ್ಷಿಯಿಲ್ಲದೆ ಪಾನಾ ಹಿಡಿದರೆ ಕಾರಿನ ಹೆಸರಿನಲ್ಲಿ ನಾವೇ ಕಥೆ ಕಟ್ಟಿದಂತಾಗುತ್ತದೆ.

ಡಾಲ್ಫಿನ್ನಿನ ಹುಟ್ಟಿನ ಬಗ್ಗೆ ಗೊಂದಲವಿಲ್ಲ. ಸಿಪಾನಿ ಕುಟುಂಬದ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಬೆಂಗಳೂರಿನಲ್ಲಿ ಮೊದಲು ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ತಯಾರಿಸಿತು. ಆಮೇಲೆ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯಿಂದ ‘ಕಿಟನ್’ ಕಾರಿನ ಅಚ್ಚುಗಳನ್ನು ತಂದು 1982ರಲ್ಲಿ ಡಾಲ್ಫಿನ್ ಹೊರತಂದಿತು. ಉಕ್ಕಿನ ಚಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿ, ಎರಡು ಬಾಗಿಲು, ಮುಂದೆ 848 ಸಿಸಿಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. 1983ರ ಡಿಸೆಂಬರ್ 14ರಂದು ಮಾರುತಿ 800 ಮೊದಲ ಗ್ರಾಹಕರ ಕೈಸೇರಿತು. ಅಲ್ಲಿಂದ ಮುಂದೆ ಡಾಲ್ಫಿನ್ನಿಗೆ ಮಾರುಕಟ್ಟೆಯಲ್ಲಿ ಜಾಗ ಉಳಿಯಲಿಲ್ಲ. ಕೊಳ್ಳುವವರು ಕೈಬಿಟ್ಟರೂ ರ‍್ಯಾಲಿ ಮತ್ತು ರೇಸಿನವರು ಅದನ್ನು ಪ್ರೀತಿಯಿಂದ ಎತ್ತಿಕೊಂಡರು.

ಅದಕ್ಕೆ ಕಾರಣ ತೂಕ. ರಿಲಯಂಟ್ ಕಿಟನ್ 40 ಅಶ್ವಶಕ್ತಿಯದು, ತೂಕ 525 ಕೆಜಿಯ ಆಸುಪಾಸು. ಅದೇ ಕಾಲದ ಪ್ರೀಮಿಯರ್ ಪದ್ಮಿನಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ, ತೂಕ ಮಾತ್ರ ಮುನ್ನೂರು ಕೆಜಿಗೂ ಮಿಕ್ಕಿ ಹೆಚ್ಚು. ಡ್ರ್ಯಾಗ್ ರೇಸಿನಲ್ಲಿ ತಿರುವಿನ ಮಾತೇ ಇಲ್ಲ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರವಾಗಿ ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ಗಾಡಿ ಜಿಗಿದು ಹೊರಡುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಎಳೆಯುವ ಚಕ್ರಗಳು ಹಿಂದೆಯೇ ಇದ್ದರೆ ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಮುಂದಿದ್ದರೆ ಜಾರುತ್ತದೆ. ಹಗುರ ಮೈ, ಹಿಂದಿನ ಚಾಲನೆ ಎರಡೂ ಇದ್ದ ಅಗ್ಗದ ಕಾರು ಆಗ ನಮ್ಮಲ್ಲಿ ಡಾಲ್ಫಿನ್ ಒಂದೇ ಎಂದರೂ ನಡೆದೀತು. ಹಾಗಾಗಿ ಮಾಲೀಕರು ಹೇಳಿದ ಮಾತು ನಂಬುವಂಥದ್ದೇ. ಆದರೆ ನಂಬಬಹುದಾದದ್ದೆಲ್ಲ ನಡೆದದ್ದೇ ಆಗಿರಬೇಕೆಂದಿಲ್ಲ.

ಅಮೆರಿಕದಲ್ಲಿ ಇಂಥ ಹುಡುಕಾಟ ಸುಲಭ. 1951ರಲ್ಲಿ ವಾಲಿ ಪಾರ್ಕ್ಸ್ ಅಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ಡ್ರ್ಯಾಗ್ ಪಂದ್ಯಕ್ಕೆ ನಿಯಮ, ವರ್ಗ, ಸಮಯದ ದಾಖಲೆ ಎಲ್ಲವನ್ನೂ ತಂದರು. ನಮ್ಮಲ್ಲಿ ಈ ಪಂದ್ಯ ನಡೆದದ್ದು ಹೆಚ್ಚಾಗಿ ವಿಮಾನದ ರನ್‌ವೇಗಳ ಮೇಲೆ. ಬೆಂಗಳೂರಿನ ಜಕ್ಕೂರಿನಲ್ಲಿ, ಪುಣೆ ಜಿಲ್ಲೆಯ ಆಂಬಿ ವ್ಯಾಲಿಯಲ್ಲಿ 2010ರ ದಶಕದಲ್ಲಿ ನಡೆದವುಗಳಿಗೆ ಫೋಟೊ, ವಿಡಿಯೊ ಬೇಕಾದಷ್ಟಿವೆ. ಅದಕ್ಕೂ ಹಿಂದಿನ ಕಾರಿಗೆ ಸಾಕ್ಷಿ ಬೇಕೆಂದರೆ ಸರ್ಕಾರಿ ಕಾಗದದಿಂದಲೇ ಶುರುಮಾಡಬೇಕು.

ಆರ್‌ಸಿ ಪುಸ್ತಕವನ್ನು ನಾವು ಪೊಲೀಸರು ಕೇಳಿದಾಗ ತೋರಿಸುವ ಕಾಗದ ಎಂದಷ್ಟೇ ಬಲ್ಲೆವು. ಸಂಶೋಧಕನಿಗೆ ಅದು ಕಾರಿನ ಜಾತಕ. ಮೊದಲ ನೋಂದಣಿಯ ದಿನಾಂಕ, ಚಾಸಿ ನಂಬರು, ಎಂಜಿನ್ ನಂಬರು, ಸಿಸಿ, ಸೀಟುಗಳು, ಬಣ್ಣ, ಕೈ ಬದಲಾದ ತಾರೀಖು ಎಲ್ಲವೂ ಅಲ್ಲಿರುತ್ತವೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಉಳಿದರೆ ಹೊಸ ನಂಬರು ಪಡೆಯಬೇಕು. ಈ ಕಾರು ಬೆಂಗಳೂರಿನಲ್ಲಿ 1984ರಲ್ಲಿ ಮೂರಕ್ಷರದ ಹಳೆಯ ನಂಬರು ಪಡೆದದ್ದು. ಎನ್‌ಒಸಿ ತೆಗೆದುಕೊಂಡು ಪುಣೆಗೆ ಬಂದು 1993ರಲ್ಲಿ ಎಂಎಚ್-12 ಸರಣಿಗೆ ಸೇರಿದೆ. ಹೀಗೆ ಊರು ಬದಲಾಯಿಸುವಾಗ ಅರ್ಜಿಯಲ್ಲಿ ವಾಹನದ ವಿವರವನ್ನೆಲ್ಲ ಮತ್ತೆ ತುಂಬಬೇಕು, ಅಧಿಕಾರಿ ಗಾಡಿಯನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಬೇಕು. 1993ರ ಆ ನಮೂದಿನಲ್ಲಿದ್ದ ಎರಡು ಸಂಗತಿಗಳನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೆ. ಬಣ್ಣ ಬಿಳಿ, ಸೀಟು ನಾಲ್ಕು.

ಮುಂದಿನ ಕೆಲಸ ಅಳತೆಪಟ್ಟಿಯದು. ಕಿಟನ್ನಿನ ವರ್ಕ್‌ಶಾಪ್ ಕೈಪಿಡಿ, ಬಿಡಿಭಾಗಗಳ ಪಟ್ಟಿ ಇವತ್ತಿಗೂ ಸಿಗುತ್ತವೆ, ಇಂಗ್ಲೆಂಡಿನಲ್ಲಿ ರಿಲಯಂಟ್ ಅಭಿಮಾನಿಗಳು ಅವನ್ನು ಜತನದಿಂದ ಕಾಪಾಡಿದ್ದಾರೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2146 ಮಿಲಿಮೀಟರ್ ಎಂದು ಅದರಲ್ಲಿದೆ. ನಮ್ಮ ಕಾರು ಎರಡೂ ಬದಿಯಲ್ಲಿ ಅಷ್ಟೇ ಬಂತು. ಚಾಸಿ ಬಾಗಿಲ್ಲ, ಉದ್ದ ಮಾಡಿಲ್ಲ. ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಕೈಪಿಡಿಯಲ್ಲಿರುವಂತೆ 62.5 ಮಿಮೀ, ನಂಬರು ಆರ್‌ಸಿಗೆ ಹೊಂದುತ್ತದೆ. ಬೋರ್ ದೊಡ್ಡದು ಮಾಡಿಲ್ಲ, ಎಂಜಿನ್ ಬದಲಾಗಿಲ್ಲ. ಇಲ್ಲದ ಭಾಗಗಳಿಗಾಗಿ ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳನ್ನೂ ಬುಧವಾರ, ಭಾನುವಾರ ಸೇರುವ ಜುನಾ ಬಜಾರನ್ನೂ ಜಾಲಾಡಿದೆವು. ಅಲ್ಲಿ ಸಿಕ್ಕಿದ ವಸ್ತುವಿಗಿಂತ ಹಳೆಯ ವ್ಯಾಪಾರಿಗಳ ಒಂದು ಮಾತು ಹೆಚ್ಚು ಕೆಲಸಕ್ಕೆ ಬಂತು: ಮುಂದಿನ ಕಮಾನು ಕೊಯ್ಯದೆ ಹಿಂದಿನದನ್ನು ಮಾತ್ರ ಕೊಯ್ದ ಗಾಡಿ ತಿರುವಿಗೆ ಕಟ್ಟಿದ್ದಲ್ಲ, ನೇರ ಓಟಕ್ಕೆ ಕಟ್ಟಿದ್ದು. ಕಾರು ಡ್ರ್ಯಾಗಿಗೆ ತಯಾರಾದದ್ದೇ ಎಂಬುದಕ್ಕೆ ಇದು ಮೊದಲ ಗಟ್ಟಿ ಸುಳಿವು.

ಇನ್ನು ಶೋಲಾವರಂ. ಮದ್ರಾಸಿನ ಉತ್ತರಕ್ಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಡಿದ ವಿಮಾನಪಟ್ಟಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಅಲ್ಲಿ ರೇಸ್ ನಡೆಸಿತು. ಬೆಂಗಳೂರು, ಕೊಯಮತ್ತೂರು, ಬಾಂಬೆ, ಕಲ್ಕತ್ತದ ಓಟಗಾರರೆಲ್ಲ ಅಲ್ಲಿಗೇ ಬರುತ್ತಿದ್ದರು. ಹಳೆಯ ಪತ್ರಿಕೆಗಳನ್ನು ತಿರುವಿದರೆ ಶೋಲಾವರಂನ ವರದಿಗಳಿಗೆ ಬರವಿಲ್ಲ. ಆದರೆ ವರದಿಗಾರರ ಕಣ್ಣು ದೊಡ್ಡ ಕಾರುಗಳ ಮೇಲೆ, ವಿಜಯ್ ಮಲ್ಯ ತಂದು ಓಡಿಸಿದ ಫಾರ್ಮುಲಾ ಒನ್ನಿನ ಎನ್‌ಸೈನ್‌ನಂಥವುಗಳ ಮೇಲೆ. ಸಣ್ಣ ಸಲೂನ್ ಕಾರುಗಳಿಗೆ ಕೊನೆಯಲ್ಲಿ ಎರಡು ಸಾಲು, ಓಡಿಸಿದವರ ಹೆಸರು ಅಷ್ಟೇ. ಚಾಸಿ ನಂಬರನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. 1990ರಲ್ಲಿ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಟ್ರ್ಯಾಕ್ ಆಯಿತು, ರೇಸುಗಳು ಅಲ್ಲಿಗೆ ಹೋದವು. ಶೋಲಾವರಂನ ದೊಡ್ಡ ರೇಸುಗಳ ಕಾಲ ಮುಗಿಯಿತು. ನಮ್ಮ ಹುಡುಕಾಟಕ್ಕೆ ಬೇಕಾಗಿದ್ದ ಗಡಿರೇಖೆ ಈ ಇಸವಿ.

ಕಾಗದದ ದಾರಿ ಇಲ್ಲಿಗೆ ನಿಂತಾಗ ಕಾರಿನ ಮೈಯನ್ನೇ ಓದಬೇಕಾಯಿತು. ಬಾಗಿಲ ಕೆಳಗಿನ ಮೂಲೆಯಲ್ಲಿ ಎಂಟಾಣೆ ನಾಣ್ಯದಷ್ಟು ಜಾಗ ಗುರುತು ಮಾಡಿ, ನೀರು ಹಾಕುತ್ತ ಎಮರಿ ಪೇಪರಿನಿಂದ ಇಳಿಜಾರಾಗಿ ಉಜ್ಜಿದೆವು. ಮೊದಲು 400 ನಂಬರಿನದು, ಆಮೇಲೆ 800, ಕೊನೆಗೆ 1200. ಮೇಲಿನ ಹಳದಿ ಸರಿದು ಅದರ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು ಪ್ರೈಮರ್, ಆಮೇಲೆ ಬಿಳಿ, ಎಲ್ಲಕ್ಕಿಂತ ಒಳಗೆ ಫೈಬರ್‌ಗ್ಲಾಸಿನದೇ ಹೊರಪದರವಾದ ಜೆಲ್‌ಕೋಟ್. ಒಂದರೊಳಗೊಂದು ಬಳೆಯಂತೆ ಪದರಗಳು ತೆರೆದುಕೊಂಡವು. ಮೂಲ ಬಣ್ಣ ಬಿಳಿ. ಆರ್‌ಸಿ ಹೇಳುವುದೂ ಅದನ್ನೇ.

ಆಮೇಲೆ ಭೂತಕನ್ನಡಿ ಹಿಡಿದು ಹಿಂದಿನ ಚಕ್ರದ ಕಮಾನಿನ ಕೊಯ್ದ ಅಂಚನ್ನು ನೋಡಿದೆವು. ಅಚ್ಚಿನಿಂದ ಬಂದ ಫೈಬರ್ ಅಂಚು ನುಣುಪಾಗಿರುತ್ತದೆ, ಗರಗಸ ಹಾಕಿದ ಅಂಚಿನಲ್ಲಿ ಗಾಜಿನ ಎಳೆಗಳು ಬಿಚ್ಚಿಕೊಂಡು ನಿಲ್ಲುತ್ತವೆ. ಇಲ್ಲಿ ಬಿಳಿಯೂ ಕೆಂಪೂ ಅಂಚಿನವರೆಗೆ ಬಂದು ಕತ್ತರಿಸಿದಂತೆ ನಿಂತಿವೆ. ಹಳದಿ ಮಾತ್ರ ಅಂಚನ್ನು ದಾಟಿ, ಬಿಚ್ಚಿದ ಎಳೆಗಳ ಮೇಲೆ ಹರಿದು ಗಟ್ಟಿಯಾಗಿದೆ. ಎಂದರೆ ಕೆಂಪು ಬಳಿದ ಮೇಲೆ ಕಮಾನು ಕೊಯ್ದಿದ್ದಾರೆ, ಕೊಯ್ದ ಮೇಲೆ ಹಳದಿ ಬಳಿದಿದ್ದಾರೆ. ರೋಲ್ ಕೇಜಿನ ಕೊಳವೆಗಳ ಮೇಲೂ ಹಳದಿ ಒಂದೇ ಇದೆ, ಕೆಂಪಿನ ಕುರುಹೇ ಇಲ್ಲ.

ಈಗ ಕಾಗದವನ್ನೂ ಮೈಯನ್ನೂ ಅಕ್ಕಪಕ್ಕ ಇಟ್ಟು ನೋಡಿ. 1993ರಲ್ಲಿ ಪುಣೆಯಲ್ಲಿ ನೋಂದಣಿಯಾದಾಗ ಕಾರು ಬಿಳಿ, ಸೀಟು ನಾಲ್ಕು. ಕೆಂಪು ಬಂದದ್ದು ಅದರ ನಂತರ. ಕೊಯ್ದದ್ದು, ಕೇಜ್ ಕಟ್ಟಿದ್ದು ಕೆಂಪಿನ ನಂತರ. ಶೋಲಾವರಂನ ದೊಡ್ಡ ರೇಸುಗಳು ಮುಗಿದದ್ದು 1990ರಲ್ಲಿ. ಆದ್ದರಿಂದ ಈ ರೂಪದಲ್ಲಿ ಈ ಕಾರು ಶೋಲಾವರಂನ ಆ ರೇಸುಗಳಲ್ಲಿ ಓಡಿರಲು ಸಾಧ್ಯವೇ ಇಲ್ಲ. ಅದು ಬೆಂಗಳೂರಿನಿಂದ ಬಂದ ಮನೆಬಳಕೆಯ ಕಾರು, ಪುಣೆಯಲ್ಲಿ ಯಾರದೋ ಕೈಯಲ್ಲಿ ನೇರ ಓಟಕ್ಕೆ ಅಣಿಯಾದದ್ದು. ಕೇಳಿ ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾರ ಯಾವ ರೂಪಕ್ಕ ತರೋದ್ರಿ?’ ಎಂದರು.

ಕಾನೂನು ಇದಕ್ಕೆ ಒಂದು ಉತ್ತರ ಕೊಡುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಗುರುತು, ಹತ್ತು ವರ್ಷದ ಮಾನ್ಯತೆ. ನಮ್ಮ ಡಾಲ್ಫಿನ್‌ಗೆ ಆ ವಯಸ್ಸು ತುಂಬುವುದು 2034ರಲ್ಲಿ. ಕೊಯ್ದ ಕಮಾನು, ಬೆಸೆದ ಕೇಜ್ ಇಟ್ಟುಕೊಂಡು ಆ ಬಾಗಿಲು ತಟ್ಟುವುದು ಕಷ್ಟ.

ಇನ್ನೊಂದು ಉತ್ತರ ಸಿಕ್ಕಿದ್ದು ರಿಲಯಂಟ್ ಕಂಪನಿಯ ಇತಿಹಾಸವನ್ನು ಓದುವಾಗ. ರಿಲಯಂಟಿನ ‘ಸಿಮಿಟರ್’ ಎಂಬ ಕಾರಿನ ಹಕ್ಕನ್ನು ಮಿಡಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿ ಕೊಂಡಿತ್ತು. ಇದೇ ಕಂಪನಿ 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಹಳೆಯ ರೇಸ್ ಕಾರೊಂದರ ಸಲುವಾಗಿ ಪ್ರತಿವಾದಿಯಾಗಿ ನಿಂತಿತು. ಆ ಕಾರು ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ, 1929 ಮತ್ತು 1930ರ ಲೆ ಮಾನ್ ರೇಸುಗಳನ್ನು ಗೆದ್ದದ್ದು. 1932ರಲ್ಲಿ ದೊಡ್ಡ ಎಂಜಿನ್ ಹಾಕಿಸಿಕೊಂಡು ಬ್ರೂಕ್‌ಲ್ಯಾಂಡ್ಸ್ ರೇಸಿಗಿಳಿದು ಅಪಘಾತಕ್ಕೀಡಾಯಿತು, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡರು. ಮತ್ತೆ ಕಟ್ಟಿದ ಆ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದು ಅಸಲಿ ಕಾರೇ ಅಲ್ಲವೆಂದು ವಾದಿಸಿತು. ಲೆ ಮಾನ್ ಗೆದ್ದಾಗಿನ ಭಾಗಗಳು ಬಹಳಷ್ಟು ಉಳಿದಿಲ್ಲವೆಂದು ನ್ಯಾಯಮೂರ್ತಿ ಆಟನ್ ಒಪ್ಪಿದರು. ಆದರೂ ಅದರ ಬದುಕು ಎಲ್ಲೂ ಕಡಿಯದೆ ನಡೆದುಬಂದಿದೆ, ಆ ಹೆಸರಿಗೆ ಅದು ಹಕ್ಕುದಾರ ಎಂದು ತೀರ್ಪಿತ್ತರು. ಗೆಲ್ಲಿಸಿದ್ದು ಕಡಿಯದ ದಾಖಲೆ.

ಈ ಎರಡನ್ನೂ ಮುಂದಿಟ್ಟುಕೊಂಡು ಕೂತು ನಿರ್ಧರಿಸಿದೆವು. ನಮ್ಮ ಕಾರಿನ ಡ್ರ್ಯಾಗ್ ದಿನಗಳಿಗೆ ಕೊಯ್ದ ಅಂಚು, ಕೇಜ್ ಬಿಟ್ಟರೆ ಫಲಿತಾಂಶದ ಹಾಳೆಯಿಲ್ಲ, ಫೋಟೊ ಇಲ್ಲ. 1984ರ ಬಿಳಿಯ ಕಾರಿಗೆ ಆರ್‌ಸಿ, ಕೈಪಿಡಿ, ಎಂಜಿನ್ ನಂಬರು, ಬಣ್ಣದ ಪದರ ಎಲ್ಲವೂ ಒಂದೇ ಮಾತು ಹೇಳುತ್ತವೆ. ಸಾಕ್ಷಿ ಹೆಚ್ಚಿರುವ ದಿನಕ್ಕೇ ಮರಳಿಸುವುದು ನ್ಯಾಯ. ಆದರೆ ಪುಣೆಯ ವರ್ಷಗಳನ್ನು ಅಳಿಸಿಹಾಕುವುದು ಅನ್ಯಾಯ. ಹಾಗಾಗಿ ಕೇಜನ್ನು ಚಾಸಿಗೆ ಪೆಟ್ಟಾಗದಂತೆ ಬಿಡಿಸಿ ಚೀಟಿ ಕಟ್ಟಿ ಇಡುತ್ತಾರೆ. ಕಮಾನಿಗೆ ಸೇರಿಸುವ ಹೊಸ ಫೈಬರಿನ ಒಳಮೈಗೆ ಬಣ್ಣ ಬಳಿಯುವುದಿಲ್ಲ, ಎಲ್ಲಿಂದ ಹೊಸದು ಎಂಬುದು ಮುಂದಿನವರಿಗೆ ಕಾಣಬೇಕು. ಉಜ್ಜಿದ ಆ ನಾಣ್ಯದಷ್ಟು ಜಾಗವನ್ನು ಹಾಗೇ ಉಳಿಸಿ ಮೇಲೆ ಲ್ಯಾಕರ್ ಹಚ್ಚುತ್ತಾರೆ. ನಾಳೆ ಯಾರದೋ ಆಲ್ಬಮ್ಮಿನಲ್ಲಿ ಹಳದಿ ಡಾಲ್ಫಿನ್ ಓಡುವ ಫೋಟೊ ಸಿಕ್ಕಿದರೆ, ಆ ರೂಪಕ್ಕೆ ಮರಳುವ ದಾರಿಯೂ ತೆರೆದಿರುತ್ತದೆ.

ಇಷ್ಟು ಬರೆದದ್ದು ಒಂದು ಕೋರಿಕೆಗಾಗಿ. ಡಾಲ್ಫಿನ್ ಕನ್ನಡನಾಡಿನಲ್ಲಿ ಕಟ್ಟಿದ ಕಾರು. ಅದನ್ನು ಕೊಂಡವರು, ಓಡಿಸಿದವರು, ಆ ಕಾರ್ಖಾನೆಯಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಾರಾಟದ ಬಿಲ್ಲು, ಸರ್ವಿಸ್ ಪುಸ್ತಕ, ರೇಸಿನ ಪ್ರವೇಶಪತ್ರ, ಕಾರಿನ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಫೋಟೊ, ಏನಿದ್ದರೂ ಹಿಂದೆ ಇಸವಿ, ಊರು, ಕಾರಿನ ನಂಬರು ಬರೆದಿಡಿ. ಒಂದು ಪ್ರತಿಯನ್ನು ನಿಮ್ಮೂರ ಗ್ರಂಥಾಲಯಕ್ಕೋ ವಾಹನ ಸಂಗ್ರಹಾಲಯಕ್ಕೋ ಕೊಡಿ. ಬಾಯಿಮಾತಿನಲ್ಲಿ ಶೋಲಾವರಂಗೆ ಹೋಗಿಬಂದ ಕಾರನ್ನು ಪುಣೆಗೆ ಕರೆತಂದದ್ದು ಆರ್‌ಸಿ ಪುಸ್ತಕದ ಎರಡು ನಮೂದುಗಳು. ನಿಮ್ಮ ಬೀರುವಿನಲ್ಲಿರುವ ಒಂದು ಹಾಳೆ ಇನ್ನೊಂದು ಕಾರಿನ ಸತ್ಯವನ್ನು ಹೇಳೀತು.