ಬೀಟಿನ ನಡುವೆ ದನಿಗೊಂದು ಜಾಗ: ಎಲೆಕ್ಟ್ರಾನಿಕ್ ಪಾಪ್ ಜೋಡಿಗಳು ನಡೆದು ಬಂದ ದಾರಿ

ಕ್ಲಬ್ಬಿನ ಸಂಗೀತ ಬೇರೆ, ಕೂತು ಕೇಳುವ ಹಾಡು ಬೇರೆ. ಕ್ಲಬ್ಬಿಗೆ ಬೇಕಾದದ್ದು ನಿಲ್ಲದೆ ಸಾಗುವ ಬೀಟ್. ಒಂದು ಟ್ರ್ಯಾಕ್ ಮುಗಿಯುವ ಮೊದಲೇ ಡಿಜೆ ಇನ್ನೊಂದನ್ನು ಅದರೊಳಗೆ ಬೆರೆಸಿರುತ್ತಾರೆ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂಬುದು ಕುಣಿಯುವವರಿಗೆ ತಿಳಿಯಲೂಬಾರದು. ಹಾಡಿಗಾದರೋ ಪಲ್ಲವಿ, ಚರಣ, ಮುಕ್ತಾಯ ಎಲ್ಲವೂ ಬೇಕು. ಅದರಲ್ಲಿ ಯಾರೋ ಒಬ್ಬರ ಮನಸ್ಸಿನ ಮಾತಿರಬೇಕು. ಬೀಟು ನೂರಾರು ಜನರದ್ದು, ದನಿ ಒಬ್ಬರದ್ದು. ಇವೆರಡನ್ನೂ ಒಂದೇ ಆಲ್ಬಮ್ಮಿನಲ್ಲಿ ಹೊಂದಿಸುವ ಕೆಲಸವನ್ನು ಕಳೆದ ಐದು ದಶಕಗಳಲ್ಲಿ ಅತಿ ಹೆಚ್ಚು ಶ್ರದ್ಧೆಯಿಂದ ಮಾಡಿದವರು ಜೋಡಿಗಳು: ಒಬ್ಬರು ಯಂತ್ರದ ಮುಂದೆ, ಇನ್ನೊಬ್ಬರು ಮೈಕಿನ ಮುಂದೆ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತಾರೆ. ಹೊಸ ಸಿಂಥಸೈಜರ್ ಬಂತು, ಹೊಸ ಶೈಲಿ ಹುಟ್ಟಿತು ಎಂಬಂತೆ. ಯಂತ್ರಗಳು ಬಾಗಿಲು ತೆರೆದದ್ದು ನಿಜ. ಆದರೆ ಒಳ್ಳೆಯ ಆಲ್ಬಮ್ಮುಗಳನ್ನು ಉಳಿದವುಗಳಿಂದ ಬೇರೆ ಮಾಡಿದ್ದು ಒಂದೇ ತೀರ್ಮಾನ: ಬೀಟಿನ ನಡುವೆ ದನಿಯನ್ನು ಎಲ್ಲಿಡುವುದು? ಪ್ರತಿ ತಲೆಮಾರಿನ ಜೋಡಿಯೂ ಇದಕ್ಕೆ ತನ್ನದೇ ಉತ್ತರ ಕೊಟ್ಟಿದೆ.

ಮ್ಯೂನಿಕ್ ಮತ್ತು ಬೆಂಗಳೂರು

ಮೊದಲ ದೊಡ್ಡ ಉತ್ತರ ಬಂದದ್ದು 1977ರಲ್ಲಿ, ಜರ್ಮನಿಯ ಮ್ಯೂನಿಕ್‌ನಿಂದ. ಇಟಲಿ ಮೂಲದ ಜಾರ್ಜಿಯೊ ಮೊರೊಡರ್ ಮತ್ತು ಇಂಗ್ಲೆಂಡಿನ ಪೀಟ್ ಬೆಲಾಟ್ ಸೇರಿ ಅಮೆರಿಕದ ಗಾಯಕಿ ಡೋನಾ ಸಮರ್ ಅವರಿಗಾಗಿ 'ಐ ಫೀಲ್ ಲವ್' ಮಾಡಿದರು. ಅಲ್ಲಿಯವರೆಗೆ ಡಿಸ್ಕೊ ಎಂದರೆ ಪಿಟೀಲುಗಳ ಗುಂಪು, ಬೇಸ್ ಗಿಟಾರ್, ಡ್ರಮ್ಮರ್. ಇಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೂಗ್ ಸಿಂಥಸೈಜರಿನಿಂದಲೇ ಬಂತು. ತಕ್ಕಷ್ಟು ಗಟ್ಟಿಯಾದ ಕಿಕ್ ಡ್ರಮ್ ಸದ್ದು ಮಾತ್ರ ಅದರಿಂದ ಹೊರಡಲಿಲ್ಲ. ಅದನ್ನು ಕೀತ್ ಫೋರ್ಸಿ ಕಾಲಿನಿಂದಲೇ ಬಾರಿಸಿದರು. ಬೇಸಿನ ಪ್ರತಿ ಸ್ವರವೂ ಪ್ರತಿಧ್ವನಿಯಾಗಿ ಒಂದು ಕಿವಿಯಿಂದ ಇನ್ನೊಂದಕ್ಕೆ ಹಾರುತ್ತದೆ. ಸಮರ್ ಅವರ ದನಿ ಅದರ ಮೇಲೆ, ಎಲ್ಲಿಯೂ ನೆಲ ಮುಟ್ಟದಂತೆ ತೇಲುತ್ತದೆ. ಯಂತ್ರ ಕೆಳಗೆ, ಮನುಷ್ಯ ದನಿ ಮೇಲೆ. ಮುಂದೆ ಬಂದವರೆಲ್ಲ ಈ ವಿನ್ಯಾಸವನ್ನು ಒಪ್ಪಿಕೊಂಡರು ಇಲ್ಲವೇ ಅದರೊಂದಿಗೆ ಜಗಳವಾಡಿದರು.

ಅದೇ ಕಾಲದ ಇನ್ನೊಂದು ಎಳೆ ನಮ್ಮೂರಿನಿಂದಲೇ ಹೊರಟದ್ದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಕೊಡವ ಮನೆತನದ ಬಿದ್ದು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಅವರ ನಿರ್ಮಾಣ. 1976ರಲ್ಲಿ ಅವರು ಟೀನಾ ಚಾರ್ಲ್ಸ್ ಅವರಿಂದ ಹಾಡಿಸಿದ 'ಐ ಲವ್ ಟು ಲವ್' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಟೀನಾ ಚಾರ್ಲ್ಸ್ ಅವರ ವಾದ್ಯವೃಂದದಲ್ಲಿ ಜೊತೆಯಾದ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಮುಂದೆ 'ದ ಬಗಲ್ಸ್' ಎಂಬ ಜೋಡಿಯಾದರು. 1979ರ 'ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್' ಇವರದ್ದೇ.

ಬಿದ್ದು ಅಪ್ಪಯ್ಯ ಅವರು ಈ ಸದ್ದನ್ನು ನಮ್ಮ ಕಡೆಗೂ ತಂದರು. 1980ರ 'ಕುರ್ಬಾನಿ' ಚಿತ್ರಕ್ಕೆ ನಾಜಿಯಾ ಹಸನ್ ಅವರಿಂದ 'ಆಪ್ ಜೈಸಾ ಕೋಯಿ' ಹಾಡಿಸಿದರು. ಮರುವರ್ಷ ನಾಜಿಯಾ ಮತ್ತು ಅವರ ತಮ್ಮ ಜೊಹೇಬ್ ಹಾಡಿದ 'ಡಿಸ್ಕೊ ದೀವಾನೆ' ಬಂತು. ಲಂಡನ್ನಿನಲ್ಲಿ ಬೆಳೆದ ಹದಿಹರೆಯದ ಹುಡುಗಿಯ ಆ ದನಿಗೆ ಸಿನಿಮಾ ಗಾಯನದ ಪಳಗಿದ ಗಮಕಗಳಿರಲಿಲ್ಲ. ಬೀಟಿನ ಮೇಲೆ ಅದು ನೇರವಾಗಿ, ಸರಳವಾಗಿ ಕೂತಿತು. ಸಿನಿಮಾದ ಹಂಗಿಲ್ಲದೆ ಒಂದು ಪಾಪ್ ಆಲ್ಬಮ್ ಮನೆಮನೆ ಸೇರಬಲ್ಲದು ಎಂದು ಭಾರತ, ಪಾಕಿಸ್ತಾನ ಎರಡಕ್ಕೂ ತೋರಿಸಿಕೊಟ್ಟ ಜೋಡಿ ಅದು.

ಬ್ಯಾಂಡ್ ಕರಗಿ ಇಬ್ಬರಾದದ್ದು

ನಾಲ್ಕೈದು ಜನರ ಬ್ಯಾಂಡ್ ಇಬ್ಬರಿಗೆ ಇಳಿಯಲು ಕಾರಣ ಸರಳ. 1980ರಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನ್ ಬಂತು. 1983ರಲ್ಲಿ ಮಿಡಿ ಎಂಬ ವ್ಯವಸ್ಥೆಯಿಂದಾಗಿ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದೇ ತಂತಿಯಲ್ಲಿ ಪರಸ್ಪರ ಮಾತಾಡುವಂತಾಯಿತು. ಡ್ರಮ್ಮರ್, ಬೇಸ್ ವಾದಕ, ಕೀಬೋರ್ಡ್ ವಾದಕ ಮೂವರ ಕೆಲಸವನ್ನೂ ಒಬ್ಬರು ಮಾಡಬಹುದಿತ್ತು. ಉಳಿದದ್ದು ಹಾಡುವವರ ಜಾಗ ಮಾತ್ರ.

ಲೀಡ್ಸ್ ಪಾಲಿಟೆಕ್ನಿಕ್‌ನಲ್ಲಿ ಪರಿಚಯವಾದ ಮಾರ್ಕ್ ಆಲ್ಮಂಡ್ ಮತ್ತು ಡೇವ್ ಬಾಲ್, 'ಸಾಫ್ಟ್ ಸೆಲ್' ಹೆಸರಿನಲ್ಲಿ 1981ರಲ್ಲಿ 'ಟೇಂಟೆಡ್ ಲವ್' ತಂದರು. ಗ್ಲೋರಿಯಾ ಜೋನ್ಸ್ 1960ರ ದಶಕದಲ್ಲಿ ಹಾಡಿದ್ದ ಸೋಲ್ ಗೀತೆಯನ್ನು ಅವರು ಯಂತ್ರಗಳ ನಡುವೆ ತಂದು ನಿಲ್ಲಿಸಿದ್ದರು. ಡಿಪೆಶ್ ಮೋಡ್ ಬ್ಯಾಂಡ್ ಬಿಟ್ಟು ಬಂದ ವಿನ್ಸ್ ಕ್ಲಾರ್ಕ್, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ ಆಲಿಸನ್ ಮೊಯೆ ಎಂಬ ಬ್ಲೂಸ್ ಗಾಯಕಿಯನ್ನು ಸೇರಿ 'ಯಾಜೂ' ಕಟ್ಟಿದರು. 1982ರ 'ಅಪ್‌ಸ್ಟೇರ್ಸ್ ಅಟ್ ಎರಿಕ್ಸ್' ಆಲ್ಬಮ್ಮಿನಲ್ಲಿ ಕೇಳಿಸುವುದು ಹೊಂದಾಣಿಕೆಯಲ್ಲ, ಎದುರುಬದಿರು. ಸಿಂಥಸೈಜರಿನ ಸಾಲುಗಳು ತೆಳು, ಚುರುಕು. ಮೊಯೆ ಅವರ ದನಿ ದಪ್ಪ, ಒರಟು, ಎದೆಯಿಂದ ಬಂದದ್ದು. ಯಂತ್ರ ತಣ್ಣಗಿದ್ದಷ್ಟೂ ದನಿ ಬಿಸಿಯಾಗಿ ಕೇಳುತ್ತದೆ ಎಂಬುದನ್ನು ಈ ಆಲ್ಬಮ್ ಕಂಡುಕೊಂಡಿತು. ಮರುವರ್ಷ ಆನಿ ಲೆನಾಕ್ಸ್ ಮತ್ತು ಡೇವ್ ಸ್ಟುವರ್ಟ್ ಅವರ 'ಯುರಿತ್ಮಿಕ್ಸ್', ಎಂಟು ಟ್ರ್ಯಾಕಿನ ಸಣ್ಣ ಸಲಕರಣೆಯಲ್ಲಿ ಮಾಡಿದ 'ಸ್ವೀಟ್ ಡ್ರೀಮ್ಸ್' ಮೂಲಕ ಅಮೆರಿಕದ ಪಟ್ಟಿಯ ತುದಿ ಮುಟ್ಟಿತು.

ಕ್ಲಬ್ಬಿನ ಉದ್ದ, ಪಾಪ್‌ನ ಮಾತು

ನೀಲ್ ಟೆನಂಟ್ ಮತ್ತು ಕ್ರಿಸ್ ಲೋ 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಭೇಟಿಯಾದರು. ಲೋ ಆರ್ಕಿಟೆಕ್ಚರ್ ವಿದ್ಯಾರ್ಥಿ. ಟೆನಂಟ್ ಮುಂದೆ 'ಸ್ಮ್ಯಾಶ್ ಹಿಟ್ಸ್' ಪತ್ರಿಕೆಯಲ್ಲಿ ಕೆಲಸ ಮಾಡಿದರು. 'ಪೆಟ್ ಶಾಪ್ ಬಾಯ್ಸ್' ಎಂಬ ಈ ಜೋಡಿಯ 'ವೆಸ್ಟ್ ಎಂಡ್ ಗರ್ಲ್ಸ್' 1986ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ ಪಡೆಯಿತು. ಟೆನಂಟ್ ಇಲ್ಲಿ ಅರ್ಧ ಹಾಡುತ್ತಾರೆ, ಅರ್ಧ ಮಾತಾಡುತ್ತಾರೆ. ದನಿ ಬೀಟಿನ ಮೇಲೆ ತೇಲುವುದಿಲ್ಲ, ಅದರೊಂದಿಗೆ ಸೆಣಸುವುದೂ ಇಲ್ಲ. ಗದ್ದಲದ ಬೀದಿಯಲ್ಲಿ ಪಕ್ಕದಲ್ಲೇ ನಡೆಯುತ್ತಿರುವವರ ಮಾತಿನಷ್ಟು ಸಹಜವಾಗಿ ಕೇಳುತ್ತದೆ.

ಅವರ ನಿಜವಾದ ಸಾಹಸ 1988ರ 'ಇಂಟ್ರೊಸ್ಪೆಕ್ಟಿವ್'. ಆಗಿನ ರೂಢಿಯೇನೆಂದರೆ, ಮೊದಲು ನಾಲ್ಕು ನಿಮಿಷದ ಹಾಡು ಮಾಡುವುದು, ಆಮೇಲೆ ಅದನ್ನು ಎಳೆದು ಕ್ಲಬ್ಬಿಗೆಂದು ಹನ್ನೆರಡು ಇಂಚಿನ ತಟ್ಟೆಯಲ್ಲಿ ತರುವುದು. ಈ ಆಲ್ಬಮ್ಮಿನಲ್ಲಿ ಆರೇ ಹಾಡುಗಳು, ಒಂದೊಂದೂ ಆರು ನಿಮಿಷಕ್ಕಿಂತ ಉದ್ದ. ಅಂದರೆ ಬಹುಮಟ್ಟಿಗೆ ಉದ್ದನೆಯ ಕ್ಲಬ್ ರೂಪವೇ ಮೂಲ; ರೇಡಿಯೊಗೆ ಹೋದದ್ದು ಅದರ ತುಂಡು. ಆ ಹೊತ್ತಿಗೆ ಷಿಕಾಗೊದ ಹೌಸ್ ಸಂಗೀತ ಬ್ರಿಟನ್ನಿಗೆ ಬಂದಿತ್ತು. ಆ ಸಂಗೀತಕ್ಕೆ ನೆಲೆ ಕೊಟ್ಟ ಡಿಜೆ ಫ್ರ್ಯಾಂಕಿ ನಕಲ್ಸ್ ಅವರೇ ಇಲ್ಲಿನ ಒಂದು ಹಾಡನ್ನು ಮಿಕ್ಸ್ ಮಾಡಿದ್ದಾರೆ. ಇನ್ನೊಂದು ಹಾಡು ಸ್ಟರ್ಲಿಂಗ್ ವಾಯ್ಡ್ ಅವರ ಷಿಕಾಗೊ ಹೌಸ್ ಗೀತೆಯ ಮರುಗಾಯನ. ಆಲ್ಬಮ್ಮಿನ ಆರಂಭದ 'ಲೆಫ್ಟ್ ಟು ಮೈ ಓನ್ ಡಿವೈಸಸ್' ನಿರ್ಮಾಣದಲ್ಲಿ ಟ್ರೆವರ್ ಹಾರ್ನ್ ಇದ್ದಾರೆ. ಬಿದ್ದು ಅಪ್ಪಯ್ಯ ಅವರ ಗಾಯಕಿಯ ಹಿಂದೆ ಬೇಸ್ ನುಡಿಸುತ್ತಿದ್ದ ಹಾರ್ನ್, ಹನ್ನೆರಡು ವರ್ಷಗಳ ನಂತರ ಇಡೀ ವಾದ್ಯವೃಂದವನ್ನೇ ಹೌಸ್ ಬೀಟಿನೊಳಗೆ ತಂದರು.

ತಿರುವು: 'ವಾಕಿಂಗ್ ವೂಂಡೆಡ್'

ಈ ಇಡೀ ಪರಂಪರೆಯಲ್ಲಿ ಒಂದೇ ಆಲ್ಬಮ್ ಆರಿಸಿಕೊಳ್ಳಿ ಎಂದರೆ ನಾನು ಹಿಂಜರಿಯದೆ ಹೇಳುವುದು 'ಎವರಿಥಿಂಗ್ ಬಟ್ ದ ಗರ್ಲ್' ಜೋಡಿಯ 1996ರ 'ವಾಕಿಂಗ್ ವೂಂಡೆಡ್'. ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ ಹಲ್ ವಿಶ್ವವಿದ್ಯಾಲಯದಲ್ಲಿ ಜೊತೆಯಾದವರು. 1984ರ ಅವರ ಮೊದಲ ಆಲ್ಬಮ್ 'ಈಡನ್'ನಲ್ಲಿ ಜಾಜ್ ಛಾಯೆಯಿತ್ತು, ಗಿಟಾರ್ ಇತ್ತು. ಕ್ಲಬ್ಬಿನ ಸುಳಿವೇ ಇರಲಿಲ್ಲ.

1992ರಲ್ಲಿ ವಾಟ್ ಅಪರೂಪದ ರೋಗಕ್ಕೆ ತುತ್ತಾದರು. ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತನಾಳಗಳ ಮೇಲೆ ತಿರುಗಿಬೀಳುವ ಚರ್ಗ್-ಸ್ಟ್ರಾಸ್ ಕಾಯಿಲೆ ಅದು. ಸಣ್ಣ ಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ಆ ಅನುಭವವನ್ನು ಅವರು 'ಪೇಷೆಂಟ್' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಚೇತರಿಸಿಕೊಂಡ ಮೇಲೆ 1994ರಲ್ಲಿ 'ಆಂಪ್ಲಿಫೈಡ್ ಹಾರ್ಟ್' ಬಂತು. ಅದರಲ್ಲಿನ 'ಮಿಸ್ಸಿಂಗ್' ಎಂಬ ಹಾಡನ್ನು ನ್ಯೂಯಾರ್ಕಿನ ಹೌಸ್ ಡಿಜೆ ಟಾಡ್ ಟೆರಿ ರೀಮಿಕ್ಸ್ ಮಾಡಿದರು. ಥಾರ್ನ್ ಅವರ ದನಿಯನ್ನು ಹಾಗೆಯೇ ಉಳಿಸಿಕೊಂಡು ಕೆಳಗಿನ ಬೀಟನ್ನು ಗಟ್ಟಿ ಮಾಡಿದರು. ದೂರವಾದವರನ್ನು ನೆನೆಯುವ ಹಾಡು ಕುಣಿಯುವವರ ನಡುವೆ ಇನ್ನಷ್ಟು ಒಂಟಿಯಾಗಿ ಕೇಳತೊಡಗಿತು. ಬ್ರಿಟನ್ನಿನಲ್ಲಿ ಅವರ ರೆಕಾರ್ಡ್ ಕಂಪನಿ ಅವರನ್ನು ಕೈಬಿಟ್ಟಿದ್ದ ಹೊತ್ತಿನಲ್ಲಿ ಆ ರೀಮಿಕ್ಸ್ ಜಗತ್ತನ್ನು ಸುತ್ತಿತು; ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೂ ಏರಿತು.

ಇಲ್ಲಿಯವರೆಗಿನದ್ದು ಡಿಜೆಯ ಕೈಚಳಕ. ಅದರ ಪಾಠವನ್ನು ಸ್ವತಃ ಕಲಿತು ಇಡೀ ಆಲ್ಬಮ್ ಕಟ್ಟಿದ್ದು ಈ ಜೋಡಿಯ ದೊಡ್ಡತನ. ಶೀರ್ಷಿಕೆ ಗೀತೆಯನ್ನೇ ಗಮನಿಸಿ. ಇದನ್ನು ಮಾಡುವಾಗ ಜೊತೆಗಿದ್ದವರು 'ಸ್ಪ್ರಿಂಗ್ ಹೀಲ್ ಜ್ಯಾಕ್' ಎಂಬ ಇನ್ನೊಂದು ಲಂಡನ್ ಜೋಡಿ. ಬೀಟು ಡ್ರಮ್ ಆಂಡ್ ಬೇಸ್ ಶೈಲಿಯದ್ದು: ಹಳೆಯ ಫಂಕ್ ತಟ್ಟೆಗಳ ಡ್ರಮ್ ತುಣುಕುಗಳನ್ನು ಕತ್ತರಿಸಿ, ನಿಮಿಷಕ್ಕೆ 160ರಿಂದ 175 ಬಡಿತದ ವೇಗಕ್ಕೆ ಏರಿಸಿ ಮರುಜೋಡಿಸುವ ಪದ್ಧತಿ. ಇಷ್ಟು ವೇಗದ ಮೇಲೆ ಯಾರೂ ಸಮಾಧಾನವಾಗಿ ಹಾಡಲಾರರು ಎನಿಸುತ್ತದೆ. ಥಾರ್ನ್ ಅದರ ಅರ್ಧ ವೇಗದಲ್ಲಿ ಹಾಡುತ್ತಾರೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ತಾಳ ಎರಡನೇ ಕಾಲದಲ್ಲಿ, ಸಾಹಿತ್ಯ ಮೊದಲನೇ ಕಾಲದಲ್ಲಿ. ಡ್ರಮ್ಮುಗಳು ಕಿವಿಯ ಎರಡೂ ಬದಿ ಚದುರಿ ಓಡುತ್ತವೆ, ಬೇಸ್ ಅರ್ಧ ವೇಗದಲ್ಲಿ ದನಿಯ ಜೊತೆಗೇ ನಡೆಯುತ್ತದೆ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಆ ತಗ್ಗಿದ, ಕಂಪನವಿಲ್ಲದ ದನಿ ನಿಲ್ಲುತ್ತದೆ.

ಇದಕ್ಕೆ ಎರಡು ವರ್ಷ ಮೊದಲು ಬ್ರಿಸ್ಟಲ್ಲಿನ ಮ್ಯಾಸಿವ್ ಅಟ್ಯಾಕ್ ತಂಡದ 'ಪ್ರೊಟೆಕ್ಷನ್' ಹಾಡಿಗೆ ಥಾರ್ನ್ ದನಿ ಕೊಟ್ಟಿದ್ದರು. ಬೀಟಿನ ಮೇಲೆ ಕೂಗಿ ಗೆಲ್ಲಬೇಕಿಲ್ಲ, ಹತ್ತಿರದಿಂದ ಹೇಳಿದರೆ ಸಾಕು ಎಂಬ ಧೈರ್ಯ ಅಲ್ಲೂ ಇದೆ. 'ವಾಕಿಂಗ್ ವೂಂಡೆಡ್' ಆ ಧೈರ್ಯವನ್ನು ಒಂದು ಕ್ರಮವಾಗಿಸಿತು. ಮಾತು ಬರೆಯುವವರೂ ಬೀಟ್ ಕಟ್ಟುವವರೂ ಒಂದೇ ಮನೆಯವರಾದದ್ದರಿಂದ ಎರಡೂ ಒಂದರ ಅಳತೆಗೆ ಇನ್ನೊಂದು ಹುಟ್ಟಿದಂತಿವೆ.

ದನಿಯೇ ಯಂತ್ರವಾದಾಗ

ಹೊಸ ಶತಮಾನದ ಹೊತ್ತಿಗೆ ಪ್ರಶ್ನೆಯೇ ತಿರುಗಿಬಿತ್ತು. ಪ್ಯಾರಿಸಿನ ತೊಮಾ ಬಾಂಗಲ್ತೆರ್ ಮತ್ತು ಗೀ-ಮಾನ್ಯುಯೆಲ್ ದ ಒಮೆಮ್-ಕ್ರಿಸ್ತೊ, ಅಂದರೆ 'ಡಾಫ್ಟ್ ಪಂಕ್', 2000ರ 'ಒನ್ ಮೋರ್ ಟೈಮ್'ನಲ್ಲಿ ರೊಮಾಂಥನಿ ಎಂಬ ಗಾಯಕನ ಕಂಠವನ್ನು ಸ್ವರ ತಿದ್ದುವ ಆಟೊಟ್ಯೂನ್ ಮೂಲಕ ಹಾಯಿಸಿ ಅದನ್ನೇ ಒಂದು ವಾದ್ಯ ಮಾಡಿದರು. ಸ್ವೀಡನ್ನಿನ ಅಕ್ಕ-ತಮ್ಮ ಕಾರಿನ್ ಮತ್ತು ಓಲೊಫ್ ಡ್ರೆಯರ್ ಅವರ 'ದ ನೈಫ್', 2006ರ 'ಸೈಲೆಂಟ್ ಶೌಟ್'ನಲ್ಲಿ ಕಾರಿನ್ ಅವರ ದನಿಯನ್ನು ಕೆಳಗಿಳಿಸಿ, ಮೇಲೇರಿಸಿ, ಗಂಡೋ ಹೆಣ್ಣೋ ತಿಳಿಯದಂತೆ ಮಾಡಿತು. ಡಾಫ್ಟ್ ಪಂಕ್‌ನಲ್ಲಿ ಈ ಬದಲಾವಣೆ ಸಂಭ್ರಮ ತರುತ್ತದೆ, ದ ನೈಫ್‌ನಲ್ಲಿ ಅದೇ ಭಯ ಹುಟ್ಟಿಸುತ್ತದೆ. ಉಪಕರಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅದನ್ನು ಯಾವ ಭಾವಕ್ಕೆ ದುಡಿಸಿಕೊಂಡರು ಎಂಬುದರಲ್ಲಿ.

'ಸೆಟಲ್' ಮತ್ತು ಅತಿಥಿ ದನಿಗಳು

ಇಂಗ್ಲೆಂಡಿನ ಸರ್ರಿಯ ಸಹೋದರರು ಗೈ ಮತ್ತು ಹೊವರ್ಡ್ ಲಾರೆನ್ಸ್, 'ಡಿಸ್‌ಕ್ಲೋಷರ್' ಹೆಸರಿನಲ್ಲಿ 2013ರಲ್ಲಿ 'ಸೆಟಲ್' ತಂದಾಗ ಅಣ್ಣನಿಗೆ 22, ತಮ್ಮನಿಗೆ 19. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಇಲ್ಲಿ ಹಾಡುವವರು ಹೆಚ್ಚಾಗಿ ಹೊರಗಿನವರು. ಅಷ್ಟಾಗಿ ಹೆಸರು ಕೇಳಿರದ ಸ್ಯಾಮ್ ಸ್ಮಿತ್ 'ಲ್ಯಾಚ್' ಹಾಡಿನಿಂದ ಬೆಳಕಿಗೆ ಬಂದರು. ಹೌಸ್ ಸಂಗೀತ ಸಾಮಾನ್ಯವಾಗಿ ಚತುರಶ್ರ ನಡೆಯದ್ದು. 'ಲ್ಯಾಚ್' ತಿಶ್ರ ನಡೆಯಲ್ಲಿ ಓಲಾಡುತ್ತದೆ. ಸ್ಮಿತ್ ಅವರ ಏರುದನಿಗೆ ಆ ಓಲಾಟವೇ ಆಸರೆ.

ಈ ಕಾಲದ ಹೌಸ್ ಸಂಗೀತ ದನಿಗೆ ಜಾಗ ಮಾಡುವುದು ಸೈಡ್‌ಚೈನ್ ಎಂಬ ತಂತ್ರದಿಂದ. ಕಿಕ್ ಬಿದ್ದಾಗಲೆಲ್ಲ ಸಿಂಥಸೈಜರಿನ ಸ್ವರಮೇಳ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ಆ ತಗ್ಗಿನಿಂದಾಗಿ ಕಿಕ್ಕೂ ಸ್ಪಷ್ಟ, ಹಾಡಿನ ಮಾತೂ ಸ್ಪಷ್ಟ. 'ಸೆಟಲ್'ನ ಸದ್ದು ಇಷ್ಟು ತಿಳಿಯಾಗಿರುವುದರಲ್ಲಿ ಈ ಬಗೆಯ ಎಚ್ಚರದ ಪಾಲು ದೊಡ್ಡದು. ಆದರೆ ಒಂದು ಕೊರತೆಯನ್ನೂ ಹೇಳಬೇಕು. ಹಾಡಿನಿಂದ ಹಾಡಿಗೆ ದನಿ ಬದಲಾಗುವಾಗ ಆಲ್ಬಮ್ಮು ಒಬ್ಬರ ಮನಸ್ಸಿನ ಕಥೆಯಾಗುವುದಿಲ್ಲ. ಒಳ್ಳೆಯ ಹಾಡುಗಳ ಸಾಲಾಗುತ್ತದೆ. ಅತಿಥಿಗಳನ್ನು ಕರೆದು ಹಾಡಿಸುವ ಈ ಕ್ರಮ ಸ್ಟ್ರೀಮಿಂಗ್ ಕಾಲಕ್ಕೆ ಚೆನ್ನಾಗಿ ಒಗ್ಗಿತು. ಹಾಗೆ ಒಗ್ಗಿದ್ದರಿಂದಲೇ ಆಲ್ಬಮ್ಮಿನ ಒಗ್ಗಟ್ಟು ಸಡಿಲವಾಯಿತು.

ಮತ್ತೆ ಇಬ್ಬರು

1999ರ 'ಟೆಂಪರಮೆಂಟಲ್' ನಂತರ ಥಾರ್ನ್ ಮತ್ತು ವಾಟ್ ಜೋಡಿಯಾಗಿ ಆಲ್ಬಮ್ ಮಾಡಲಿಲ್ಲ. ಮಕ್ಕಳನ್ನು ಬೆಳೆಸಿದರು, ಪುಸ್ತಕ ಬರೆದರು, ಬೇರೆ ಬೇರೆಯಾಗಿ ಹಾಡಿದರು. 24 ವರ್ಷಗಳ ನಂತರ, 2023ರಲ್ಲಿ 'ಫ್ಯೂಸ್' ಬಂತು. ಅದರ ಮೊದಲ ಹಾಡು 'ನಥಿಂಗ್ ಲೆಫ್ಟ್ ಟು ಲೂಸ್'ನಲ್ಲಿ ಯುಕೆ ಗರಾಜ್ ಶೈಲಿಯ ಮುರಿದ ಬೀಟು, ಎದೆಗೆ ತಾಗುವ ಬೇಸ್. ವಯಸ್ಸಾದಂತೆ ಥಾರ್ನ್ ಅವರ ದನಿ ಇನ್ನೂ ತಗ್ಗಿದೆ, ಅಂಚು ಒರಟಾಗಿದೆ. ಅದನ್ನು ಮುಚ್ಚುವ ಯತ್ನ ಎಲ್ಲೂ ಇಲ್ಲ. ಕ್ಲಬ್ ಸಂಗೀತ ಎಳೆಯರದ್ದು ಮಾತ್ರ ಎಂಬ ನಂಬಿಕೆಗೆ ಅರವತ್ತರ ಅಂಚಿನ ದಂಪತಿ ಕೊಟ್ಟ ನೇರ ಉತ್ತರ ಈ ಆಲ್ಬಮ್.

ಇಂದು ಒಂದು ಲ್ಯಾಪ್‌ಟಾಪ್ ಇದ್ದರೆ ಬೀಟನ್ನೂ ದನಿಯನ್ನೂ ಒಬ್ಬರೇ ಕೂತು ಜೋಡಿಸಬಹುದು. ಇಬ್ಬರು ಬೇಕೆಂಬ ತಾಂತ್ರಿಕ ಅಗತ್ಯ ಎಂದೋ ಮುಗಿದಿದೆ. ಆದರೂ ಜೋಡಿಗಳು ಉಳಿದಿವೆ. ಬೀಟ್ ಕಟ್ಟುವವರಿಗೆ ಪ್ರತಿ ಖಾಲಿ ಜಾಗವನ್ನೂ ಸದ್ದಿನಿಂದ ತುಂಬುವ ಆಸೆ. ಹಾಡುವವರಿಗೆ ಬೀಟನ್ನು ನಿಲ್ಲಿಸಿ ಮಾತು ಹೇಳುವ ಆಸೆ. ಒಬ್ಬರೇ ಇದ್ದಾಗ ಇವೆರಡರಲ್ಲಿ ಒಂದು ಸುಲಭವಾಗಿ ಗೆದ್ದುಬಿಡುತ್ತದೆ. ಇಬ್ಬರಿದ್ದಾಗ ಎರಡೂ ಸೋಲದಂತೆ ನೋಡಿಕೊಳ್ಳಬೇಕಾಗುತ್ತದೆ. ಹೊಸದಾಗಿ ಕೇಳಲು ಕೂರುವವರು 'ಇಂಟ್ರೊಸ್ಪೆಕ್ಟಿವ್', 'ವಾಕಿಂಗ್ ವೂಂಡೆಡ್', 'ಸೆಟಲ್' ಈ ಮೂರನ್ನು ಇದೇ ಕ್ರಮದಲ್ಲಿ, ಹಾಡು ಹಾರಿಸದೆ ಕೇಳಲಿ. ಬೀಟು ಎಲ್ಲಿ ಸರಿದು ದನಿಗೆ ದಾರಿ ಬಿಟ್ಟಿತು, ದನಿ ಎಲ್ಲಿ ಸುಮ್ಮನಾಗಿ ಬೀಟನ್ನು ಮುಂದೆ ಬಿಟ್ಟಿತು ಎಂದು ಗಮನಿಸಿದರೆ ಈ ಪ್ರಕಾರದ ಒಳ್ಳೆಯದನ್ನೂ ಸಾಧಾರಣವಾದದ್ದನ್ನೂ ಬೇರೆ ಮಾಡಲು ಇನ್ನಾರ ಸಹಾಯವೂ ಬೇಕಾಗುವುದಿಲ್ಲ.